ಮನೆಯಿಲ್ಲದವರ ಮನೆಯೂಟ

ಸಂಶೋಧನೆಯ ಕೆಲಸಕ್ಕೆಂದು ಐದು ತಿಂಗಳು ಕ್ಯೋಟೋದಲ್ಲಿದ್ದೆ. ಗ್ರಂಥಾಲಯ ಮುಚ್ಚಿದ ಮೇಲೆ ನೇರ ಹೋಗುತ್ತಿದ್ದುದು ಹತ್ತಿರದ ಓಣಿಯ ಒಂದು ಶೊಕುದೋಗೆ. ಶೊಕುದೋ ಎಂದರೆ ಊಟದ ಮನೆ. ಬಾಗಿಲಿಗೆ ಇಳಿಬಿಟ್ಟ ನೀಲಿ ಬಟ್ಟೆ ಸರಿಸಿ ಒಳಗೆ ಹೋದರೆ ನಾಲ್ಕು ಮೇಜು, ಒಲೆಯ ಎದುರು ಆರು ಸ್ಟೂಲು, ಮೂಲೆಯಲ್ಲೊಂದು ಟಿವಿ. ಎಪ್ಪತ್ತು ದಾಟಿದ ಯಜಮಾನರು ಒಲೆಯ ಮುಂದೆ. ಬಡಿಸುವುದು, ತೊಳೆಯುವುದು, ಲೆಕ್ಕ ನೋಡುವುದು ಅವರ ಹೆಂಡತಿಯದು. ಅನ್ನ, ಮಿಸೋ ಸಾರು, ಊರಿಸಿದ ಮೂಲಂಗಿ, ಜೊತೆಗೊಂದು ಸುಟ್ಟ ಮೀನು: ಇಷ್ಟು ಸೇರಿದರೆ ಒಂದು 'ತೇಶೊಕು', ನಮ್ಮ ಮಾತಿನಲ್ಲಿ ಪ್ಲೇಟ್ ಊಟ. ಬಟ್ಟಲು ಖಾಲಿಯಾಗುವ ಮೊದಲೇ ಅಜ್ಜಿ "ಒಕಾವರಿ?" ಎಂದು ಕೇಳುತ್ತಿದ್ದರು. ಇನ್ನಷ್ಟು ಅನ್ನ ಬೇಕೆ ಎಂದು. ಧಾರವಾಡದ ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ ಹಾಕ್ಲೇನ್ರೀ?" ಎಂಬ ಮಾತು ಕೇಳಿ ಬೆಳೆದ ನನಗೆ ಅದರ ಅನುವಾದ ಬೇಕಾಗಲಿಲ್ಲ.

ಇಂಥ ಹೋಟೆಲುಗಳ ಬಗ್ಗೆ ಜಪಾನೀಯರಿಗೆ ಬಹಳ ಮಮತೆ. ಆಬೆ ಯಾರೋ 2006ರಲ್ಲಿ ಬರೆಯತೊಡಗಿದ 'ಶಿನ್ಯಾ ಶೊಕುದೋ' ಎಂಬ ಚಿತ್ರಕಥೆ, ಅದರಿಂದ 2009ರಲ್ಲಿ ಬಂದ ಟಿವಿ ಸರಣಿ, ಈ ಮಮತೆಯನ್ನು ಹೊರದೇಶಗಳಿಗೂ ಹಬ್ಬಿಸಿದವು. ಇಲ್ಲಿನ ರುಚಿಯನ್ನು ಅವರು 'ಒಫುಕುರೋ ನೊ ಅಜಿ' ಎನ್ನುತ್ತಾರೆ, ಅಂದರೆ ಅಮ್ಮನ ಕೈರುಚಿ. ಕೇಳಿದರೆ ಯಾವುದೋ ಪುರಾತನ ಕುಟುಂಬ ಪದ್ಧತಿಯೇ ಬೀದಿಗೆ ಬಂದು ಕೂತಂತೆ ಅನಿಸುತ್ತದೆ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಮೊದಲಿಗೆ ಮನೆಯನ್ನೇ ನೋಡೋಣ. ಸುಮಾರು ನೂರೈವತ್ತು ವರ್ಷಗಳ ಹಿಂದಿನ ಜಪಾನಿನ ಸಾಮಾನ್ಯ ಮನೆಯಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಉಣ್ಣುತ್ತಿರಲಿಲ್ಲ. ಪ್ರತಿಯೊಬ್ಬರಿಗೂ 'ಹಾಕೊಜೆನ್' ಎಂಬ ಪುಟ್ಟ ಮರದ ಪೆಟ್ಟಿಗೆ. ಮುಚ್ಚಳ ಮಗುಚಿಟ್ಟರೆ ಅದೇ ತಟ್ಟೆ. ಉಂಡಾದ ಮೇಲೆ ಬಟ್ಟಲಿಗೆ ಬಿಸಿ ಚಹಾ ಹೊಯ್ದು ಗಲಬರಿಸಿ ಕುಡಿದು, ಬಟ್ಟಲನ್ನು ಮತ್ತೆ ಪೆಟ್ಟಿಗೆಯೊಳಗೆ ಇಡುವುದು. ಕೂರುವ ಜಾಗವೂ ಮನೆಯೊಳಗಿನ ಅಂತಸ್ತಿನಂತೆ. ಕಾಲು ಮಡಚುವ ಗಿಡ್ಡ ಮೇಜು 'ಚಾಬುದಾಯ್' ಮನೆಗಳಿಗೆ ಬಂದದ್ದು ಮೇಜಿ ಕಾಲದ ಕೊನೆಯ ಹೊತ್ತಿಗೆ. ಅದು ಎಲ್ಲೆಡೆ ಹರಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ನಗುತ್ತ ಮಾತಾಡುತ್ತ ಒಟ್ಟಿಗೆ ಉಣ್ಣುವ ಕುಟುಂಬ ಎಂಬ ಚಿತ್ರಕ್ಕೆ ಅಷ್ಟೇ ವಯಸ್ಸು.

ಊಟದಂಗಡಿಗಳ ಚರಿತ್ರೆ ಅದಕ್ಕಿಂತ ಹಳೆಯದು. 1657ರ ಮಹಾ ಬೆಂಕಿಯಲ್ಲಿ ಎದೋ, ಅಂದರೆ ಇಂದಿನ ಟೋಕಿಯೋ, ಅರ್ಧಕ್ಕಿಂತ ಹೆಚ್ಚು ಸುಟ್ಟುಹೋಯಿತು. ಊರನ್ನು ಮತ್ತೆ ಕಟ್ಟಲು ಬಡಗಿಗಳು, ಕೂಲಿಗಳು ಬಂದು ತುಂಬಿಕೊಂಡರು. ಅಸಾಕುಸಾದ ಗುಡಿಯ ಬಳಿ ಚಹಾದ ನೀರಿನಲ್ಲಿ ಬೇಯಿಸಿದ ಅನ್ನ, ತೋಫು ಸಾರು, ಕಾಳು, ಬೇಯಿಸಿದ ತರಕಾರಿ ಸೇರಿಸಿ ಮಾರುವ ಅಂಗಡಿಗಳು ಹುಟ್ಟಿದ್ದು ಆ ನಂತರ. ಕಥೆಗಾರ ಇಹಾರಾ ಸಾಯ್ಕಾಕುವಿನ ಬರಹದಲ್ಲೂ ಇವು ಕಾಣಿಸಿಕೊಂಡಿವೆ. ಎದೋ ಒಂಟಿ ಗಂಡಸರ ಊರು. 1721ರ ಎಣಿಕೆಯಲ್ಲಿ ಸುಮಾರು 5 ಲಕ್ಷ ಪಟ್ಟಣಿಗರು ಸಿಕ್ಕರೆ, ಅವರಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಗಂಡಸರು. ಬಿಸಿ ಅನ್ನ ಇಟ್ಟುಕೊಂಡು ಕಾಯುವವರು ಇಲ್ಲದವರಿಗಾಗಿ ಈ ಅಂಗಡಿಗಳು ಬೆಳೆದವು.

ಆಮೇಲಿನ ಪ್ರತಿ ತಿರುವಿನಲ್ಲೂ ಇದೇ ಕಥೆ. 1918ರಲ್ಲಿ ಅಕ್ಕಿಯ ಬೆಲೆ ಏರಿದಾಗ ತೊಯಾಮಾ ಕರಾವಳಿಯ ಮೀನುಗಾರರ ಹೆಂಡಂದಿರು ಊರಿನಿಂದ ಅಕ್ಕಿ ಹೊರಗೆ ಹೋಗದಂತೆ ತಡೆದರು. ಆ ಗಲಭೆ ದೇಶವಿಡೀ ಹಬ್ಬಿ ಪ್ರಧಾನಿ ತೆರಾಉಚಿ ರಾಜೀನಾಮೆ ಕೊಟ್ಟರು. ಆ ಭಯದಲ್ಲಿ ಒಸಾಕಾ, ಟೋಕಿಯೋದಂಥ ನಗರಗಳ ಆಡಳಿತ ತಾವೇ ಅಗ್ಗದ ಊಟದ ಮನೆಗಳನ್ನು ತೆರೆಯಿತು. 1923ರ ಸೆಪ್ಟೆಂಬರ್ 1ರ ಭೂಕಂಪ ಟೋಕಿಯೋವನ್ನು ಮತ್ತೆ ನೆಲಸಮ ಮಾಡಿತು. ಹೊಸದಾಗಿ ಎದ್ದ ಅಂಗಡಿಗಳಲ್ಲಿ ಚಾಪೆಯ ಬದಲು ಕುರ್ಚಿ ಬಂತು. ಚಪ್ಪಲಿ ಬಿಚ್ಚದೆ ಕೂತು, ಉಂಡು, ಎದ್ದು ಹೋಗಬಹುದಾಯಿತು.

ಉಣ್ಣುವ ಪದಾರ್ಥವೂ ಅಷ್ಟೇನೂ ಹಳೆಯದಲ್ಲ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನುವುದನ್ನು ವರ್ಷದ ಕೆಲವು ತಿಂಗಳು ನಿಷೇಧಿಸಿದ್ದ. ಆಮೇಲಿನ ಶತಮಾನಗಳಲ್ಲಿ ಮಾಂಸದ ಬಗೆಗಿನ ಹಿಂಜರಿಕೆ ಗಟ್ಟಿಯಾಗುತ್ತ ಹೋಯಿತು. 1872ರಲ್ಲಿ ಮೇಜಿ ಚಕ್ರವರ್ತಿಯೇ ದನದ ಮಾಂಸ ತಿಂದ ಸುದ್ದಿ ಎಲ್ಲರಿಗೂ ತಿಳಿಯಿತು. ಇಂದು ಯಾವ ಶೊಕುದೋಗೆ ಹೋದರೂ ಸಿಗುವ ಹಂದಿಮಾಂಸದ ಕಟ್ಲೆಟ್ ಆ ನಂತರದ್ದು. ಕರಿ ರೈಸ್ ಬಂದದ್ದು ಬ್ರಿಟಿಷರ ಮೂಲಕ. ಅದು ನಮ್ಮದಲ್ಲ ಎಂದು ತೋರಿಸಲೋ ಎಂಬಂತೆ, ದೇಶಭ್ರಷ್ಟರಾಗಿ ಜಪಾನಿನಲ್ಲಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ತಮ್ಮ ಮಾವನವರ ನಾಕಾಮುರಾಯಾದಲ್ಲಿ 1927ರಿಂದ ಭಾರತದ ರೀತಿಯ ಕರಿ ಬಡಿಸುವಂತೆ ಮಾಡಿದರು. ಅವರೂ ಮನೆ ಕಳೆದುಕೊಂಡವರೇ.

ನನ್ನನ್ನು ಹೆಚ್ಚು ಕಾಡಿದ್ದು ಯುದ್ಧಕಾಲದ ಪುಟಗಳು. 1941ರ ಏಪ್ರಿಲ್‌ನಿಂದ ದೊಡ್ಡ ನಗರಗಳಲ್ಲಿ ಅಕ್ಕಿಗೆ ಪಡಿತರ ಬಂತು: ವಯಸ್ಕರಿಗೆ ದಿನಕ್ಕೆ 330 ಗ್ರಾಂ. ಹೊರಗೆ ಉಣ್ಣುವವರಿಗೆ ಊಟದ ಚೀಟಿ. ಚೀಟಿ ಕೊಟ್ಟರೆ ಅನ್ನ, ಇಲ್ಲದಿದ್ದರೆ ಇಲ್ಲ. ಸೋಲಿನ ನಂತರ ಹಸಿವು ಇನ್ನೂ ಬೆಳೆಯಿತು. 1947ರಲ್ಲಿ ಸರ್ಕಾರ ಬಹುಪಾಲು ಹೋಟೆಲುಗಳನ್ನು ಮುಚ್ಚಿಸಿ, ಚೀಟಿಯ ಊಟದ ಮನೆಗಳನ್ನು ಉಳಿಸಿಕೊಂಡಿತು. ಕಾಳಸಂತೆಯ ಅಕ್ಕಿ ಕೊಳ್ಳದೆ ಬದುಕುವುದು ಆಗದ ಕಾಲ ಅದು. ಹಾಗೆ ಕೊಂಡವರ ವಿಚಾರಣೆ ನಡೆಸುತ್ತಿದ್ದ ಟೋಕಿಯೋದ ನ್ಯಾಯಾಧೀಶ ಯಾಮಾಗುಚಿ ಯೋಶಿತಾದಾ, ತಾನು ಮಾತ್ರ ಪಡಿತರದಲ್ಲೇ ಬದುಕುತ್ತೇನೆಂದು ಹಟ ಹಿಡಿದು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಪೌಷ್ಟಿಕಾಂಶವಿಲ್ಲದೆ ತೀರಿಕೊಂಡರು. ವಯಸ್ಸು 33. "ಇನ್ನಷ್ಟು ಅನ್ನ ಬೇಕೆ?" ಎಂಬ ಮಾತಿನ ತೂಕ ನನಗೆ ಗೊತ್ತಾದದ್ದು ಇದನ್ನು ಓದಿದ ಮೇಲೆ.

ಮುಂದೆ ಶಾಲೆ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರು ಗುಂಪುಗುಂಪಾಗಿ ರೈಲು ಹತ್ತಿ ಕಾರ್ಖಾನೆಗಳಿಗೆ ಬಂದರು. ಪತ್ರಿಕೆಗಳು ಅವರನ್ನು 'ಚಿನ್ನದ ಮೊಟ್ಟೆಗಳು' ಎಂದವು. ಅಮ್ಮನ ಕೈರುಚಿ ಎಂಬ ಮಾತು ಮನೆಮಾತಾದದ್ದು ಆ ದಶಕಗಳಲ್ಲೇ. ಅಮ್ಮ ಊರಿನಲ್ಲಿ ಉಳಿದಾಗಲೇ ಅವಳ ರುಚಿಗೊಂದು ಹೆಸರು ಬೇಕಾಯಿತು.

ಹೊರಡುವ ಹಿಂದಿನ ರಾತ್ರಿ ಶೊಕುದೋದಲ್ಲಿ ಕೊನೆಯವನಾಗಿ ಉಳಿದಿದ್ದೆ. ನಿಮ್ಮ ನಂತರ ಇದನ್ನು ಯಾರು ನಡೆಸುತ್ತಾರೆ ಎಂದು ನನ್ನ ಹರುಕುಮುರುಕು ಜಪಾನೀ ಭಾಷೆಯಲ್ಲಿ ಕೇಳಿದೆ. ಯಾರೂ ಇಲ್ಲ, ಮಗಳು ಆಫೀಸಿಗೆ ಹೋಗುತ್ತಾಳೆ ಎಂದರು ಅಜ್ಜಿ. ಬೇಜಾರಾಗುತ್ತದೆಯೇ ಎಂದೆ. ಅವರು ನಕ್ಕರು. ಅವಳು ಹೀಗೆ ನಿಂತು ದುಡಿಯಬಾರದೆಂದೇ ಅಲ್ಲವೇ ನಾವು ಓದಿಸಿದ್ದು ಎಂದರು.

ಆಮೇಲೆ ನೀಲಿ ಬಟ್ಟೆಯನ್ನು ಒಳಗೆ ತಂದಿಟ್ಟು, ಪಾತ್ರೆಯಲ್ಲಿ ಉಳಿದ ಅನ್ನದ ಮೇಲೆ ಬಿಸಿ ಚಹಾ ಹೊಯ್ದುಕೊಂಡು, ಸಿಂಕಿನ ಪಕ್ಕ ನಿಂತೇ ಉಂಡರು. ಐದು ತಿಂಗಳಲ್ಲಿ ಅವರು ಉಣ್ಣುವುದನ್ನು ನಾನು ನೋಡಿದ್ದು ಅದೊಂದೇ ಸಲ. ಖಾನಾವಳಿಯ ಅವ್ವ ಯಾವಾಗ ಉಣ್ಣುತ್ತಿದ್ದಳೋ, ಅದನ್ನಂತೂ ನಾನು ಒಮ್ಮೆಯೂ ನೋಡಿರಲಿಲ್ಲ.