ಮೀನಿನ ತೊಟ್ಟಿಯ ಭಾರ ಹೊರುವ ಮರ

ಅಕ್ವೇರಿಯಂ ಕೊಳ್ಳಲು ಹೋದವರು ಮೀನು ನೋಡುತ್ತಾರೆ, ಗಾಜು ನೋಡುತ್ತಾರೆ, ಬಣ್ಣದ ಕಲ್ಲು, ಗುಳ್ಳೆ ಬಿಡುವ ಪಂಪು ನೋಡುತ್ತಾರೆ. ಅದನ್ನು ಯಾವುದರ ಮೇಲೆ ಇಡುವುದು ಎಂಬ ಪ್ರಶ್ನೆ ಏಳುವುದು ತೊಟ್ಟಿ ಆಟೊದಲ್ಲಿ ಮನೆ ಬಾಗಿಲಿಗೆ ಬಂದ ಮೇಲೆ. ಆಗ ಕಣ್ಣಿಗೆ ಬೀಳುವುದು ಟಿ.ವಿ. ಇಟ್ಟಿದ್ದ ಹಳೆಯ ಸ್ಟ್ಯಾಂಡು, ಇಲ್ಲವೆ ಮಕ್ಕಳು ಓದುವ ಮೇಜು. ಅಲುಗಾಡಿಸಿ ನೋಡಿ, ‘ಗಟ್ಟಿಯಾಗಿಯೇ ಇದೆಯಲ್ಲ’ ಎಂದು ತೊಟ್ಟಿಯನ್ನು ಅಲ್ಲೇ ಕೂರಿಸುತ್ತಾರೆ. ನೀರೂ ತುಂಬುತ್ತಾರೆ.

ಇಲ್ಲಿ ಸಣ್ಣದೊಂದು ಲೆಕ್ಕ ಹಾಕಬೇಕು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ನಾಲ್ಕೂವರೆ ಘನ ಅಡಿ ನೀರು ಹಿಡಿಯುತ್ತದೆ. ಒಂದು ಘನ ಅಡಿ ನೀರಿನ ತೂಕ 28 ಕಿಲೊಗಿಂತ ತುಸು ಹೆಚ್ಚು. ಅಂದರೆ ನೀರೊಂದೇ ಸುಮಾರು 127 ಕಿಲೊ. ಗಾಜು 8 ಮಿಲಿಮೀಟರಿನದಾದರೆ ಅದರದು 28 ಕಿಲೊ. ತಳದ ಮರಳು, ಕಲ್ಲು ಸೇರಿದರೆ 170 ಕಿಲೊ ಹತ್ತಿರ ಬರುತ್ತದೆ. ಇದು ಮೂರು ಸಿಮೆಂಟ್ ಮೂಟೆಗಿಂತ ಜಾಸ್ತಿ. ಅದೂ ಸಂಜೆಗೆ ಇಳಿಸಿಬಿಡುವ ಭಾರವಲ್ಲ, ಹಗಲೂ ರಾತ್ರಿ ವರ್ಷಗಟ್ಟಲೆ ಕೂರುವ ಭಾರ. ಒಂದು ಗಳಿಗೆ ಹೊರುವ ತೂಕವನ್ನು ಸದಾಕಾಲ ಹೊರಿಸಿದರೆ ಮರ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಬಾಗುತ್ತದೆ. ಗಾಜಿಗೆ ಅಂಥ ತಾಳ್ಮೆ ಇಲ್ಲ. ಕೆಳಗಿನ ಹಲಗೆ ಸ್ವಲ್ಪ ಬಾಗಿದರೂ ಗಾಜಿನ ಮೂಲೆ ಸೀಳಿ ನೀರು ನಡುಮನೆಗೆ ಬರುತ್ತದೆ.

ಹಿಂದೆ ಈ ಸಮಸ್ಯೆಯೇ ಇರಲಿಲ್ಲ. ಮೀನು ಸಾಕುವುದು ನಮ್ಮವರಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನು 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವಿದೆ. ಯಾವ ಮೀನು ಎಂಥದು, ಅದಕ್ಕೆ ಏನು ತಿನ್ನಿಸಬೇಕು ಎಂಬ ವಿವರ ಅಲ್ಲಿ ಬರುತ್ತದೆ. ಆದರೆ ಅವೆಲ್ಲ ತೆರೆದ ನೀರಿನ ಮೀನುಗಳು. ನೀರಿನ ಭಾರವನ್ನು ಭೂಮಿಯೇ ಹೊರುತ್ತಿತ್ತು.

ನೀರನ್ನೂ ಜೀವವನ್ನೂ ಒಂದರೊಳಗೆ ಮುಚ್ಚಿಟ್ಟ ಕಥೆ ಬೇಕೆಂದರೆ ತುಮಕೂರಿನವರು ದೂರ ಹೋಗಬೇಕಿಲ್ಲ. ಪಕ್ಕದ ಕೈದಾಳ ಜಕಣಾಚಾರಿಯ ಊರೆಂದು ಪ್ರತೀತಿ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹಕ್ಕೆ ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲವಂತೆ. ಅಲ್ಲಿ ಉಳಿ ತಾಗಿಸಿದರೆ ಕಲ್ಲಿನೊಳಗಿಂದ ನೀರು, ಮರಳು, ಜೀವಂತ ಕಪ್ಪೆ ಹೊರಬಂದವಂತೆ. ಮಗ ಡಂಕಣನ ಎದುರು ಸೋತ ತಂದೆ ತನ್ನ ಕೈಯನ್ನೇ ಕತ್ತರಿಸಿಕೊಂಡ. ಮುಂದೆ ಈ ಊರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂತು, ಅದಕ್ಕೇ ಊರು ಕೈದಾಳ. ಚರಿತ್ರಕಾರರು ಈ ಕಥೆಯನ್ನು ಒಪ್ಪುವುದಿಲ್ಲ. ಆದರೂ ನೀರು, ಮರಳು, ಒಂದು ಪ್ರಾಣಿ ಇರುವ ಆ ಕಲ್ಲನ್ನು ಕನ್ನಡನಾಡಿನ ಮೊದಲ ಅಕ್ವೇರಿಯಂ ಎಂದು ತಮಾಷೆಗೆ ಕರೆಯಬಹುದು!

ಗಾಜಿನ ತೊಟ್ಟಿಯ ನಿಜವಾದ ಚರಿತ್ರೆ ಆರಂಭವಾಗುವುದು 19ನೇ ಶತಮಾನದ ಯೂರೋಪಿನಲ್ಲಿ. 1832ರಲ್ಲಿ ಸಿಸಿಲಿ ದ್ವೀಪದಲ್ಲಿದ್ದ ಜೀನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆ ಸಮುದ್ರಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿಟ್ಟು ಅಭ್ಯಾಸ ಮಾಡಿದರು. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಯಿತು, ಗಾಜು ಅಗ್ಗವಾಯಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಚಿನ್ನದ ಮೀನು, ನೀರುಗಿಡ, ಬಸವನಹುಳು ಈ ಮೂರನ್ನೂ ಒಟ್ಟಿಗೆ ಇಟ್ಟರೆ ನೀರು ಕೆಡದೆ ಉಳಿಯುತ್ತದೆ ಎಂದು ತೋರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ಪುಸ್ತಕ ಬಂದು, ‘ಅಕ್ವೇರಿಯಂ’ ಎಂಬ ಶಬ್ದ ಮನೆಮಾತಾಯಿತು. ಭಾರತಕ್ಕೆ ಈ ಗೀಳು ಬಂದಿದ್ದು ಸಾರ್ವಜನಿಕ ಮತ್ಸ್ಯಾಲಯಗಳ ಮೂಲಕ: 1909ರಲ್ಲಿ ಮದರಾಸಿನ ಮರೀನಾ, 1951ರಲ್ಲಿ ಮುಂಬಯಿಯ ತಾರಾಪೋರವಾಲಾ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಮತ್ಸ್ಯಾಲಯ ಆರಂಭವಾದದ್ದು 1983ರಲ್ಲಿ. ತುಮಕೂರಿನಿಂದ ಬೆಂಗಳೂರಿಗೆ ಬರೀ 70 ಕಿ.ಮೀ. ಶಾಲಾ ಪ್ರವಾಸಕ್ಕೆ ಹೋಗಿ ಬಂದ ಮಕ್ಕಳು ಮನೆಯಲ್ಲಿ ಹಟ ಹಿಡಿಯಲು ಅಷ್ಟು ಸಾಕು.

(ಎಲ್ಲರೂ ಮೊದಲು ಸಾಕುವ ಗಪ್ಪಿ ಮೀನಿಗೂ ನಮ್ಮ ಗುಬ್ಬಿಗೂ ಸಂಬಂಧವಿಲ್ಲ. ಟ್ರಿನಿಡಾಡ್ ದ್ವೀಪದ ರಾಬರ್ಟ್ ಗಪ್ಪಿ ಎಂಬವರ ಹೆಸರು ಆ ಮೀನಿಗೆ ಅಂಟಿಕೊಂಡಿದೆ.)

ಮುಖ್ಯ ವಿಷಯ ಇರುವುದು ತೊಟ್ಟಿಯ ಚೌಕಟ್ಟಿನಲ್ಲಿ. ಹಳೆಯ ತೊಟ್ಟಿಗಳಿಗೆ ಕಬ್ಬಿಣದ ಕೋನಪಟ್ಟಿಯ ಚೌಕಟ್ಟು ಇರುತ್ತಿತ್ತು. ಗಾಜನ್ನು ಅದರೊಳಗೆ ಕೂರಿಸಿ ಪುಟ್ಟಿ ಮೆತ್ತುತ್ತಿದ್ದರು. ಕಬ್ಬಿಣ ತುಕ್ಕು ಹಿಡಿಯುತ್ತಿತ್ತು, ಪುಟ್ಟಿ ಒಣಗಿ ಸೋರುತ್ತಿತ್ತು ನಿಜ. ಆದರೆ ನೀರಿನ ಭಾರವೆಲ್ಲ ಆ ಚೌಕಟ್ಟಿನ ನಾಲ್ಕು ಮೂಲೆಗೆ ಇಳಿಯುತ್ತಿತ್ತು. ನಾಲ್ಕು ಮೂಲೆ ಗಟ್ಟಿಯಾಗಿ ಕೂತರೆ ಸಾಕು, ನಡುವೆ ಹಲಗೆ ತುಸು ಬಾಗಿದ್ದರೂ ಗಾಜಿಗೆ ಗೊತ್ತಾಗುತ್ತಿರಲಿಲ್ಲ. 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂತು. ಗಾಜಿಗೆ ಗಾಜನ್ನೇ ಅಂಟಿಸಿ ತೊಟ್ಟಿ ಮಾಡಬಹುದೆಂದಾಗ ಚೌಕಟ್ಟು ಮಾಯವಾಯಿತು. ನೋಡಲು ಚೆಂದ, ತುಕ್ಕಿಲ್ಲ, ಬೆಲೆಯೂ ಕಡಿಮೆ. ಆದರೆ ಕಬ್ಬಿಣ ಮಾಡುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ಅದು ಸದ್ದಿಲ್ಲದೆ ಕೆಳಗಿನ ಸ್ಟ್ಯಾಂಡಿನ ಹೆಗಲೇರಿತು. ಗಾಜಿನ ತಳ ಅಂಚಿನುದ್ದಕ್ಕೂ ಸಮನಾಗಿ ಕೂರಲೇಬೇಕಾಯಿತು. ಸ್ಟ್ಯಾಂಡು ಎಂಬುದು ಪೀಠೋಪಕರಣವಾಗಿ ಉಳಿಯದೆ ತೊಟ್ಟಿಯ ಒಂದು ಭಾಗವೇ ಆಯಿತು. ಕೊಳ್ಳುವವರಿಗೆ ಇದನ್ನು ಯಾರೂ ಹೇಳಲಿಲ್ಲ.

ಹೇಳಬಲ್ಲವರು ಊರಿನಲ್ಲೇ ಇದ್ದರು. ಭಾರ ಹೊರುವ ಮರಗೆಲಸ ಈ ಸೀಮೆಯ ಬಡಗಿಗಳಿಗೆ ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನ ಸಿದ್ಧಲಿಂಗೇಶ್ವರನ ತೇರು, ಗುಬ್ಬಿಯ ಚನ್ನಬಸವೇಶ್ವರನ ತೇರು ಜನರ ಕಣ್ಣಿಗೆ ಹೂವು, ಬಾವುಟಗಳಿಂದ ಕಂಡರೆ, ಬಡಗಿಯ ಕಣ್ಣು ಹೋಗುವುದು ಕೆಳಗಿನ ಗಡ್ಡೆಯ ಕಡೆಗೆ. ತೇರಿನ ಭಾರವೆಲ್ಲ ಗಡ್ಡೆಯಿಂದ ಅಚ್ಚಿಗೆ, ಅಚ್ಚಿನಿಂದ ಗಾಲಿಗೆ, ಗಾಲಿಯಿಂದ ನೆಲಕ್ಕೆ ಇಳಿಯಬೇಕು. ದಾರಿಯಲ್ಲಿ ಎಲ್ಲೂ ಅದು ಬರಿಯ ಮೊಳೆಯನ್ನು ನಂಬಿ ನಿಲ್ಲಬಾರದು. ಹಳೆಯ ತೊಟ್ಟಿಮನೆಗಳ ಕಂಬ, ಬೋದಿಗೆ, ತೊಲೆಗಳಲ್ಲೂ ಇದೇ ಕ್ರಮ: ಮರದ ಮೇಲೆ ಮರ ಕೂತಿದೆ, ಮರಕ್ಕೆ ಮರ ನೇತುಬಿದ್ದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿ 1930ರ ದಶಕದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ಪ್ರೇಕ್ಷಕರನ್ನು ಬೆರಗುಗೊಳಿಸಿತು. ವೀರಣ್ಣನವರ ಹೆಸರು ಎಲ್ಲರಿಗೂ ಗೊತ್ತು. ಊರಿಂದೂರಿಗೆ ರಂಗಸಜ್ಜಿಕೆ ಬಿಚ್ಚಿ ಕಟ್ಟಿದ ಬಡಗಿಗಳ ಹೆಸರು ಎಷ್ಟು ಜನರಿಗೆ ಗೊತ್ತು?

ಮನೆಯಲ್ಲೇ ಸ್ಟ್ಯಾಂಡು ಮಾಡಿಕೊಳ್ಳಲು ಹೊರಟವರಿಗೂ ತೇರಿನ ಈ ಲೆಕ್ಕವೇ ಆಧಾರ. ಮೇಲಿನ ಅಡ್ಡಪಟ್ಟಿಗಳು ಕಾಲುಗಳ ನೆತ್ತಿಯ ಮೇಲೆ ಕೂರಬೇಕು. ಪಟ್ಟಿಯನ್ನು ಕಾಲಿನ ಪಕ್ಕಕ್ಕೆ ಹಿಡಿದು ಎರಡು ಸ್ಕ್ರೂ ಬಿಗಿದರೆ 170 ಕಿಲೊ ಆ ಸ್ಕ್ರೂಗಳ ಮೇಲೆ ನಿಂತಂತಾಯಿತು. ಅನೇಕ ಸಿದ್ಧ ಸ್ಟ್ಯಾಂಡುಗಳ ದೋಷ ಇದೇ. ಪಕ್ಕಕ್ಕೇ ಕೂಡಿಸಬೇಕಾದರೆ ಕಾಲಿನಲ್ಲಿ ಕಚ್ಚು ಕಡಿದು ಪಟ್ಟಿಯನ್ನು ಅದರೊಳಗೆ ಕೂರಿಸಬೇಕು, ಅಥವಾ ಕಾಲಿನಲ್ಲಿ ಚೌಕ ತೂತು ಕೊರೆದು ಪಟ್ಟಿಯ ತುದಿಯನ್ನು ಅದಕ್ಕೆ ಸರಿಯಾಗಿ ಕೆತ್ತಿ ತೂರಿಸಬೇಕು. ಅಂಟು, ಸ್ಕ್ರೂ ಇವು ಮರ ಅತ್ತಿತ್ತ ಸರಿಯದಂತೆ ನೋಡಿಕೊಂಡರೆ ಸಾಕು. ಮೂರಡಿ ತೊಟ್ಟಿಗೆ ಮೂರಿಂಚು ಎರಡಿಂಚಿನ ಮರದ ನಾಲ್ಕು ಕಾಲು ಧಾರಾಳ. ಅಡ್ಡಪಟ್ಟಿಯ ಅಗಲವನ್ನು ನೆಟ್ಟಗೆ ನಿಲ್ಲಿಸಬೇಕು, ಮಲಗಿಸಿದರೆ ಬಾಗುತ್ತದೆ.

ಇನ್ನೊಂದು ಅಪಾಯ ಪಕ್ಕಕ್ಕೆ ವಾಲುವುದು. ನೆಟ್ಟಗೆ ಎಷ್ಟೇ ಭಾರ ಹೊರುವ ಚೌಕಟ್ಟಾದರೂ ಮಗುವೊಂದು ಓಡಿ ಬಂದು ಡಿಕ್ಕಿ ಹೊಡೆದರೆ ಓರೆಯಾಗಬಹುದು. ಹಿಂಬದಿಗೆ ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ, ಇಲ್ಲವೆ ಇಡೀ ಹಿಂಬದಿಗೆ ಪ್ಲೈವುಡ್ ಹೊಡೆದರೆ ಆ ಭಯವಿಲ್ಲ. ಹಳ್ಳಿಯ ತಡಿಕೆ ಬಾಗಿಲುಗಳಲ್ಲೂ ಇದೇ ಓರೆಪಟ್ಟಿ ಇರುತ್ತದೆ.

ಯಾವ ಮರ? ತೇಗ, ಹೊನ್ನೆ, ಮತ್ತಿ ಉತ್ತಮ, ಕೈಗೆಟುಕಿದರೆ. ಬಯಲುಸೀಮೆಯ ಮರವೆಂದರೆ ಜಾಲಿ. ಗಾಡಿಗೆ, ನೇಗಿಲಿಗೆ ರೈತರು ನಂಬಿದ್ದು ಅದನ್ನೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕೆರೆಯಂಗಳಗಳಲ್ಲಿ ಬೆಳೆಸಿದ್ದೂ ಹೆಚ್ಚಾಗಿ ಕರಿಜಾಲಿಯನ್ನು. ಮಳೆಗಾಲದಲ್ಲಿ ನೀರಲ್ಲಿ ನಿಂತು ಬೆಳೆದ ಮರ, ಮುಂದೆ ನೀರನ್ನೇ ಹೊರುವುದು ಒಂದು ಸೊಗಸು. ಆದರೆ ಹಸಿ ಜಾಲಿಯನ್ನು ಬಳಸಿದರೆ ಒಣಗುವಾಗ ಸೀಳುತ್ತದೆ, ತಿರುಚುತ್ತದೆ. ಹಿಂದಿನವರು ದಿಮ್ಮಿಯನ್ನು ಕೆರೆಯಲ್ಲೋ ಹೊಂಡದಲ್ಲೋ ತಿಂಗಳುಗಟ್ಟಲೆ ಮುಳುಗಿಸಿಟ್ಟು, ರಸ ಇಳಿದ ಮೇಲೆ ನೆರಳಲ್ಲಿ ಒಣಗಿಸುತ್ತಿದ್ದರು. ಹುಳು ಕಡಿಮೆ, ಬಿರುಕೂ ಕಡಿಮೆ. ಈಗ ಅಷ್ಟು ಕಾಯುವವರಾರು?

ಕಾಯದವರಿಗಾಗಿ ಬಂದದ್ದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡು. ಮೇಲೆ ತೇಗದ ಚಿತ್ರದ ಹಾಳೆ ಅಂಟಿರುತ್ತದೆ. ಮೀನಿಗೆ ನೀರು ಬದಲಿಸುವಾಗ ನಾಲ್ಕು ಹನಿ ಚೆಲ್ಲುವುದು ಸಹಜ. ಆ ಹನಿ ಬೋರ್ಡಿನ ಅಂಚಿನಿಂದ ಒಳಗಿಳಿದರೆ ಅದು ಹಪ್ಪಳದಂತೆ ಉಬ್ಬುತ್ತದೆ, ಸ್ಕ್ರೂ ಹಿಡಿತ ಬಿಡುತ್ತದೆ. ಪ್ಲೈವುಡ್ ಇದಕ್ಕಿಂತ ಎಷ್ಟೋ ಮೇಲು. ಅದರಲ್ಲೂ ಐಎಸ್ 710 ಗುರುತಿನ ಹಲಗೆ ನೀರಿಗೆ ಜಗ್ಗುವುದಿಲ್ಲ. ಕತ್ತರಿಸಿದ ಅಂಚುಗಳಿಗೆ ಮಾತ್ರ ಬಣ್ಣವನ್ನೋ ವಾರ್ನಿಶನ್ನೋ ಎರಡು ಸಲ ಬಳಿಯಬೇಕು.

ತೊಟ್ಟಿಯನ್ನು ಯಾವ ದಿಕ್ಕಿಗಿಟ್ಟರೆ ಐಶ್ವರ್ಯ, ಎಷ್ಟು ಮೀನು ಬಿಟ್ಟರೆ ಅದೃಷ್ಟ ಎಂದು ಹೇಳುವ ವಾಸ್ತು ಪಂಡಿತರಿಗೆ ಬರವಿಲ್ಲ. ಅದರ ಕೆಳಗಿನ ಕಾಲು ಎಷ್ಟು ದಪ್ಪವಿರಬೇಕೆಂದು ಹೇಳುವ ಬಡಗಿಗೆ ಕೆಲಸವಿಲ್ಲ. ಸಿದ್ಧ ಪೀಠೋಪಕರಣದ ಅಂಗಡಿ ಬಂದಲ್ಲೆಲ್ಲ ಬಡಗಿಯ ಮನೆಯ ಮಕ್ಕಳು ಉಳಿ, ಬಾಚಿ ಬಿಟ್ಟು ಬೇರೆ ದುಡಿಮೆಗೆ ಹೋಗುತ್ತಿದ್ದಾರೆ. ಕಚ್ಚು ಕಡಿಯುವ ಕೈ ಒಂದು ತಲೆಮಾರು ನಿಂತರೆ, ಅದನ್ನು ಪುಸ್ತಕ ಓದಿ ಮತ್ತೆ ಕಲಿಯುವುದು ಸುಲಭವಲ್ಲ. ಬಿಡಿಬಿಡಿಯಾಗಿ ಬರುವ ಇಂಥ ಸಣ್ಣ ಕೆಲಸಗಳೇ ಆ ಕೈಗೆ ಉಳಿದಿರುವ ಅಭ್ಯಾಸ.

ಸ್ಟ್ಯಾಂಡು ಸಿದ್ಧವಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ನಮ್ಮ ಕಡೆ ತೊಳೆದ ನೀರು ಹರಿದುಹೋಗಲೆಂದು ನೆಲವನ್ನು ಬಾಗಿಲ ಕಡೆಗೆ ತುಸು ಇಳಿಜಾರು ಮಾಡಿರುತ್ತಾರೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ತೊಟ್ಟಿಯ ನೀರು ಮಾತ್ರ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ನಿಂತು ತೋರಿಸಿಕೊಡುತ್ತದೆ. ರಸಮಟ್ಟ ಇಲ್ಲದಿದ್ದರೆ, ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಯಲ್ಲಿ ಹಿಡಿದು ಮೇಸ್ತ್ರಿಗಳು ಮಟ್ಟ ನೋಡುವ ಉಪಾಯವನ್ನೇ ಮಾಡಬಹುದು. ತಗ್ಗಿದ ಕಾಲಿನಡಿಗೆ ಗಟ್ಟಿ ಮರದ ಬೆಣೆ ಕೊಡಬೇಕು, ಮಡಿಚಿದ ರಟ್ಟನ್ನಲ್ಲ. ಹಲಗೆಯ ಮೇಲೆ ಅರ್ಧ ಇಂಚಿನ ಥರ್ಮೋಕೋಲ್ ಹಾಸಿ ತೊಟ್ಟಿ ಇಟ್ಟರೆ ಸಣ್ಣಪುಟ್ಟ ಏರುತಗ್ಗು ಅದರಲ್ಲೇ ಅಡಗುತ್ತದೆ. ಮೊದಲ ದಿನ ಅರ್ಧ ನೀರು, ಮತ್ತೊಮ್ಮೆ ಮಟ್ಟ ನೋಡಿ ಮರುದಿನ ಪೂರ್ತಿ ನೀರು. ಮೀನಿನ ಅಂಗಡಿಗೆ ಅದಾದ ಮೇಲೆ ಹೋದರೆ ಸಾಕು.