ವಕಟ್, ಲೆಂಡ್, ಮುಂಡ್: ದಾಂಡಿನ ಲೆಕ್ಕ

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದು ಹೊರಟವರಿಗೆ ಊರು ದಾಟುತ್ತಲೇ ಮಚ್ಛೆ ಸಿಗುತ್ತದೆ. 1998ರಲ್ಲಿ ಆರಂಭವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಊರೆಂದೇ ಹೊರಗಿನವರು ಅದನ್ನು ಬಲ್ಲರು. ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಸೀಮೆಯಿದು. ಇಲ್ಲಿಯ ಹುಡುಗರ ಹಳೆಯ ಆಟವೊಂದಕ್ಕೂ ಎರಡು ಹೆಸರು: ಕನ್ನಡದಲ್ಲಿ ಚಿಣಿಪಣಿ ಅಥವಾ ಚಿನ್ನಿದಾಂಡು, ಮರಾಠಿಯಲ್ಲಿ ವಿಟಿದಾಂಡು.

ಅಮೆರಿಕದವರ ಬೇಸ್‌ಬಾಲನ್ನು ಟಿ.ವಿ.ಯಲ್ಲಿ ಕಂಡವರಿಗೆ ದಾಂಡಿಗನ ಕಷ್ಟ ಗೊತ್ತು. 60 ಅಡಿ 6 ಅಂಗುಲ ದೂರದಿಂದ ಎಸೆದ ಚೆಂಡು ಅರ್ಧ ಸೆಕೆಂಡಿನೊಳಗೆ ಎದುರು ಬಂದಿರುತ್ತದೆ. ನಮ್ಮ ಆಟದಲ್ಲಿ ಎಸೆಯುವವನೇ ಇಲ್ಲ. ಎರಡೂ ತುದಿ ಚೂಪಾದ ಚಿನ್ನಿಯನ್ನು ಹೊಡೆಯುವವನೇ ಚಿಮ್ಮಿಸಬೇಕು, ಅದು ನೆಲಕ್ಕೆ ಬೀಳುವ ಮೊದಲು ತಾನೇ ಬಾರಿಸಬೇಕು. ಹೀಗಾಗಿ ಕೈಚಳಕವೆಲ್ಲ ಮೊದಲ ತಟ್ಟಿನಲ್ಲಿದೆ. ತುದಿಗೆ ಹಗುರವಾಗಿ ತಟ್ಟಿದರೆ ಚಿನ್ನಿ ನೆಟ್ಟಗೆ ಸೊಂಟದ ಎತ್ತರಕ್ಕೆ ಏಳುತ್ತದೆ. ಜೋರಾಗಿ ತಟ್ಟಿದರೆ ಗಿರಗಿರನೆ ತಿರುಗಿ ಪಕ್ಕಕ್ಕೆ ಹಾರುತ್ತದೆ. ಕಲಿಯುವ ಹುಡುಗ ದೂರ ಹೊಡೆಯುವ ಆತುರದಲ್ಲಿ ಈ ತಟ್ಟನ್ನೇ ಕೆಡಿಸಿಕೊಳ್ಳುತ್ತಾನೆ.

ಎರಡು ಆಟಗಳಿಗೂ ದೂರದ ನಂಟಿರಬಹುದು. ಇಂಗ್ಲೆಂಡಿನಲ್ಲೂ ಇಂಥದೇ ಮರದ ತುಂಡಿನ ಆಟವಿತ್ತು. ತುಂಡಿಗೆ ‘ಕ್ಯಾಟ್’, ಅಂದರೆ ಬೆಕ್ಕು ಎಂದು ಹೆಸರು. ಕನ್ನಡಕ್ಕೆ ‘ಯಾತ್ರಿಕನ ಸಂಚಾರ’ವಾಗಿ ಬಂದ ಕೃತಿಯ ಕರ್ತೃ ಜಾನ್ ಬನ್ಯನ್ 1666ರ ತನ್ನ ಆತ್ಮಕಥೆಯಲ್ಲಿ ಇದನ್ನು ನೆನೆದಿದ್ದಾನೆ. ಭಾನುವಾರ ಆಡುತ್ತಾ, ಕುಳಿಯಿಂದ ಒಂದೇಟು ಹೊಡೆದು ಎರಡನೆಯದಕ್ಕೆ ಕೈಯೆತ್ತಿದಾಗ ಅವನಿಗೆ ದೈವವಾಣಿ ಕೇಳಿಸಿತಂತೆ! ಅಮೆರಿಕದ ಮಕ್ಕಳು ಚೆಂಡಿನಿಂದ ಆಡುತ್ತಿದ್ದ ‘ಒನ್ ಓಲ್ಡ್ ಕ್ಯಾಟ್’ ಹೆಸರಿನಲ್ಲೂ ಆ ಬೆಕ್ಕು ಉಳಿದಿದೆ. ಬೇಸ್‌ಬಾಲ್ ಹುಟ್ಟಿದ್ದು ಅದರಿಂದಲೇ ಎಂದು 20ನೇ ಶತಮಾನದ ಆರಂಭದಲ್ಲಿ ಎ.ಜಿ. ಸ್ಪಾಲ್ಡಿಂಗ್ ಹಟ ಹಿಡಿದು ವಾದಿಸಿದ್ದ. ಆ ಹಟದಲ್ಲಿ ದೇಶಾಭಿಮಾನದ ಪಾಲು ಹೆಚ್ಚು. ‘ಬೇಸ್‌ಬಾಲ್’ ಎಂಬ ಹೆಸರು 1744ರಲ್ಲೇ ಇಂಗ್ಲೆಂಡಿನ ಮಕ್ಕಳ ಪುಸ್ತಕದಲ್ಲಿ ಅಚ್ಚಾಗಿತ್ತು.

ಅವರಲ್ಲಿಲ್ಲದ ಒಂದು ಸೊಗಸು ನಮ್ಮ ಕಡೆಯ ಆಟದಲ್ಲಿದೆ. ಚಿನ್ನಿ ಹೋಗಿ ಬಿದ್ದ ದೂರವನ್ನು ದಾಂಡಿನಿಂದಲೇ ಅಳೆಯುತ್ತಾರೆ. ಮರಾಠಿ ಹುಡುಗರು ಹಾಗೆ ಅಳೆಯುವಾಗ ‘ಏಕ್, ದೋನ್’ ಎನ್ನುವುದಿಲ್ಲ. ‘ವಕಟ್, ಲೆಂಡ್, ಮುಂಡ್, ನಾಲ್’ ಎನ್ನುತ್ತಾರೆ. ಏಳರ ಸುತ್ತು ಮುಗಿದರೆ ಮತ್ತೆ ಮೊದಲಿನಿಂದ. ಎಣಿಕೆ ಯಾವ ಪದಕ್ಕೆ ನಿಂತಿತೋ ಅದರ ಪ್ರಕಾರ ಮುಂದಿನ ಹೊಡೆತ: ಒಂದಕ್ಕೆ ಪಾದದ ಮೇಲಿಟ್ಟ ಚಿನ್ನಿ, ಇನ್ನೊಂದಕ್ಕೆ ಮುಷ್ಟಿಯ ಮೇಲೆ, ಮತ್ತೊಂದಕ್ಕೆ ಕಣ್ಣಿನ ಮೇಲೆ. ಯಾವುದು ಬರುತ್ತದೋ ಮುಂಚೆ ಗೊತ್ತಾಗದು. ಒಂದೇ ಹೊಡೆತವನ್ನು ಪಳಗಿಸಿಕೊಂಡವನು ಬಹಳ ಹೊತ್ತು ನಿಲ್ಲುವಂತಿಲ್ಲ. ಯಾವ ತರಬೇತುದಾರನೂ ಇದಕ್ಕಿಂತ ಒಳ್ಳೆಯ ಅಭ್ಯಾಸಕ್ರಮ ಹಾಕಿಕೊಟ್ಟಾನೆಂದು ನನಗನಿಸುವುದಿಲ್ಲ.

ಮರಾಠಿಗರ ಬಾಯಲ್ಲಿರುವ ಈ ಪದಗಳು ಮರಾಠಿಯವಲ್ಲ, ದ್ರಾವಿಡ ಅಂಕಿಗಳು. 1956ರ ರಾಜ್ಯ ಪುನರ್ವಿಂಗಡಣೆಯಿಂದೀಚೆಗೆ ಗಡಿಯ ಜಗಳ ಕಂಡ ನಾಡಿನಲ್ಲಿ ಇದನ್ನು ಕೇಳಿದ ಕೂಡಲೇ ‘ನೋಡಿ, ಕನ್ನಡ!’ ಎಂದು ಕುಣಿಯುವವರಿದ್ದಾರೆ. ಸ್ವಲ್ಪ ತಾಳಬೇಕು. ‘ನಾಲ್’ ನಮ್ಮ ನಾಲ್ಕೆನ್ನಲು ಅಡ್ಡಿಯಿಲ್ಲ. ಆದರೆ ‘ವಕಟ್’ ನಮ್ಮ ಒಂದಕ್ಕಿಂತ ತೆಲುಗಿನ ಒಕಟಿಗೆ ಹತ್ತಿರ, ‘ಲೆಂಡ್’ ನಮ್ಮ ಎರಡಕ್ಕಿಂತ ತೆಲುಗಿನ ರೆಂಡುವಿಗೆ ಹತ್ತಿರ. ‘ಮುಂಡ್’ ಕೂಡ ಮೂರಿಗಿಂತ ತೆಲುಗಿನ ಮೂಡುವನ್ನೇ ಹೋಲುತ್ತದೆ. ದಖ್ಖನಿನ ಯಾವುದೋ ಹಾದಿಯಲ್ಲಿ ಮೂರು ಭಾಷೆಯ ಹುಡುಗರು ಒಂದೇ ಕುಳಿಯ ಸುತ್ತ ಆಡಿದ್ದಾರೆ. ಯಾರು ಯಾರಿಗೆ ಕಲಿಸಿದರೆಂದು ಈ ನಾಲ್ಕು ಪದಗಳ ಬಲದಿಂದ ತೀರ್ಮಾನಿಸುವುದು ದುಡುಕು.

ಪದಗಳು ಊರಿಂದೂರಿಗೆ ಬದಲಾಗುತ್ತವೆ, ಅವಕ್ಕೆ ಹೊಂದಿದ ಹೊಡೆತಗಳೂ ಹಾಗೆಯೇ. ಕ್ರಿಕೆಟ್ಟಿನ ರನ್ನಿಗೆ ಇವು ಬೇಕಿಲ್ಲ. ಆದ್ದರಿಂದ ಮಚ್ಛೆ, ಖಾನಾಪುರ ಕಡೆಯ ಹಿರಿಯ ಓದುಗರಲ್ಲಿ ಒಂದು ಕೋರಿಕೆ: ನೀವು ಆಡುತ್ತಿದ್ದಾಗ ಯಾವ ಪದಕ್ಕೆ ಚಿನ್ನಿಯನ್ನು ಎಲ್ಲಿಡುತ್ತಿದ್ದಿರಿ ಎಂಬುದನ್ನು, ಊರಿನ ಹೆಸರಿನೊಂದಿಗೆ, ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.