ರಾಜನ ಕುದುರೆ ಜಿಗಿತ

ನಮ್ಮ ಆಫೀಸಿನ ಗೆಳೆಯರ ಗುಂಪೊಂದು ಶನಿವಾರ ರಾತ್ರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೆ. ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ. 2008ರಲ್ಲಿ ಇದರ ನಾಲ್ಕನೇ ಆವೃತ್ತಿ ಬಂದಾಗ ನಿಯಮಗಳು ಎಷ್ಟು ಬದಲಾಗಿದ್ದವೆಂದರೆ ಹಳೆ ಆಟಗಾರರಲ್ಲಿ ಬಹಳ ಜನ ಅತ್ತ ಹೋಗಲೇ ಇಲ್ಲ. ಮರುವರ್ಷ ಬೇರೊಂದು ಕಂಪನಿ ಹಳೇ ನಿಯಮಗಳನ್ನೇ ತಿದ್ದಿ ‘ಪಾತ್‌ಫೈಂಡರ್’ ತಂದಾಗ ಅದನ್ನು ಹಿಡಿದರು. “ಹೊಸದು ಚೆನ್ನಾಗಿದ್ರೆ ಜನ ಬರ್ತಾರೆ, ಅಷ್ಟೇ” ಅಂತ ಗೆಳೆಯನೊಬ್ಬ ವಾದಿಸಿದ. ನನಗೆ ಹುನಗುಂದದ ಹತ್ತಿರದ ನಮ್ಮೂರಿನ ಕಟ್ಟೆ, ಅಲ್ಲಿ ಚದುರಂಗ ಹಾಸಿಕೊಂಡು ಕೂತಿರುತ್ತಿದ್ದ ನಮ್ಮಜ್ಜ ನೆನಪಾದ.

ಚದುರಂಗವೂ ಆವೃತ್ತಿ ಬದಲಿಸಿದ ಆಟವೇ. ನಮ್ಮ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಈ ಆಟಕ್ಕೂ ಜಾಗ ಕೊಟ್ಟಿದ್ದಾನೆ. ಆ ಕಾಲದ ಮಂತ್ರಿ ಬಡಪಾಯಿ. ಓರೆಯಾಗಿ ಒಂದು ಮನೆ ನಡೆದರೆ ಮುಗೀತು. ಸುಮಾರು 1475ರಲ್ಲಿ ಸ್ಪೇನಿನ ವೇಲೆನ್ಸಿಯಾದ ಕಡೆ ಅದೇ ಕಾಯಿಗೆ ಎಲ್ಲ ದಿಕ್ಕಿಗೂ, ಎಷ್ಟು ಮನೆ ಬೇಕಾದರೂ ಓಡುವ ಬಲ ಬಂತು. ಇಟಲಿಯಲ್ಲಿ ಇದನ್ನು ಹುಚ್ಚು ಹಿಡಿದ ಆಟ ಅಂತಲೇ ಕರೆದರು. 1497ರಲ್ಲಿ ಲುಸೇನಾ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಹಳೆ ನಿಯಮದ ಸಮಸ್ಯೆಗಳೂ ಇವೆ, ಹೊಸವೂ ಇವೆ. ಮುಂದೆ ಕೆಲವೇ ದಶಕಗಳಲ್ಲಿ ಪಶ್ಚಿಮ ಯುರೋಪಿನಲ್ಲಿ ಹಳೆ ಆಟ ಮೂಲೆ ಸೇರಿತು.

ಹಾಗಾದರೆ ಗೆಳೆಯನ ಮಾತು ಸರಿಯೇ? ಮೈಸೂರಿಗೆ ಬನ್ನಿ. ದಶಾವತಾರ ಗಂಜೀಫಾದಲ್ಲಿ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅದನ್ನು ಹಿಗ್ಗಿಸಿ 360 ಎಲೆಗಳವರೆಗಿನ ‘ಛದ’ ಆಟಗಳನ್ನು ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗ ‘ಕೌತುಕನಿಧಿ’ಯಲ್ಲಿ ವಿವರವೂ ಇದೆ. ಮಾಡಿದ್ದು ಮಹಾರಾಜರು, ಚಿತ್ರ ಬರೆದದ್ದು ನುರಿತ ಕಲಾವಿದರು. ಆದರೂ ಅರಮನೆಯ ಆಚೆ ಅವು ಹಬ್ಬಲಿಲ್ಲ. ಅಷ್ಟು ಎಲೆ ಹಿಡಿದು ಎದುರಿಗೆ ಕೂರುವವರು ಬೇಕಲ್ಲ!

ಇತ್ತ ಭಾರತದ ಚದುರಂಗ ಓಡುವ ಮಂತ್ರಿಯನ್ನು ಒಪ್ಪಿಕೊಂಡರೂ ಉಳಿದದ್ದನ್ನು ಸುಲಭಕ್ಕೆ ಬಿಡಲಿಲ್ಲ. ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ. ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ರಾಜ ಒಮ್ಮೆ ಮಾತ್ರ ಕುದುರೆಯಂತೆ ಜಿಗಿಯಬಹುದು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದು ಇದನ್ನೇ. 1926ರ ಸುಮಾರಿಗೆ ಅವನಿಗೆ ಪಾಶ್ಚಾತ್ಯ ನಿಯಮ ಕಲಿಸಿದರು, ಆಮೇಲೆ ಧಣಿ ಲಂಡನ್ನಿಗೆ ಕರೆದೊಯ್ದ. 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಅವನೇ. ಹೊಸ ನಿಯಮ ಹಳೆಯದಕ್ಕಿಂತ ಮೇಲು ಅಂತ ತೂಗಿ ನೋಡಿ ಬದಲಾದವನಲ್ಲ ಅವನು. ಎದುರಾಳಿಗಳು ಇದ್ದದ್ದು ಆ ಆಟದಲ್ಲಿ.

ನಮ್ಮಜ್ಜನ ಕಥೆಯೂ ಇಷ್ಟೇ. ಅವನಿಗೆ ಮೂವರು ಜೊತೆಗಾರರು: ಇಳಕಲ್ಲಿನ ಒಬ್ಬ ನೇಕಾರ, ಬನಶಂಕರಿ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಸಿಗುವ ಬಾದಾಮಿಯ ದೋಸ್ತ, ಹಳೇ ಬಾಗಲಕೋಟೆಯ ಒಬ್ಬ ಅಂಗಡಿಕಾರ. ಆಲಮಟ್ಟಿ ಹಿನ್ನೀರು ಬಂದು ಅಂಗಡಿಕಾರನ ಓಣಿ ನವನಗರಕ್ಕೆ ಎದ್ದುಹೋಯಿತು, ಆಟ ನಿಂತಿತು. ಬಾದಾಮಿಯವನು ತೀರಿಕೊಂಡ. ನೇಕಾರನ ಕಣ್ಣು ಮಂಜಾಯಿತು. ಉಳಿದವನು ನಾನು.

2000ದ ಕೊನೆಗೆ ವಿಶ್ವನಾಥನ್ ಆನಂದ್ ವಿಶ್ವ ಚಾಂಪಿಯನ್ ಆದರು. ಮರುವರ್ಷ ಒಂದು ಶಾಲಾ ಪಂದ್ಯಕ್ಕೆ ಹೆಸರು ಕೊಟ್ಟೆ. ಕಷ್ಟ ಬಂದಾಗ ಅಜ್ಜ ಕಲಿಸಿದಂತೆ ರಾಜನನ್ನು ಕುದುರೆ ನಡೆ ಜಿಗಿಸಿದೆ. ಸುತ್ತ ನಿಂತವರೆಲ್ಲ ನಕ್ಕರು. ಮನೆಗೆ ಬಂದವನೇ “ನಿನ್ನ ಆಟಾನ ಸುಳ್ಳ ಐತಿ ಅಜ್ಜಾ” ಅಂತ ಕೂಗಾಡಿದೆ. ಅಜ್ಜ ಏನೂ ಅನ್ನಲಿಲ್ಲ. ಮರುದಿನ ಕಟ್ಟೆ ಮೇಲೆ ಕಾಯಿ ಹೂಡಿಟ್ಟು ಕಾಯುತ್ತಿದ್ದ.

“ಆ ಹೊಸಾ ಕಾನೂನು ಏನೈತಿ, ನಂಗೂ ಕಲಸ ತಮ್ಮಾ. ನಿನ್ನ ಬಿಟ್ರ ನಂಗ ಇನ್ಯಾರ ಅದಾರ ಆಡಾಕ?”

ಎಪ್ಪತ್ತು ದಾಟಿದ ಮೇಲೆ ಕಲಿತ. ನಾನು ಕ್ಯಾಸ್ಲಿಂಗ್ ಮಾಡಿದಾಗಲೆಲ್ಲ “ರಾಜಾ ಮನಿ ಖಾಲಿ ಮಾಡಿದ ನೋಡು” ಅಂತಿದ್ದ. ಸಾಯೋವರೆಗೂ ನನ್ನ ನಿಯಮದಲ್ಲೇ ಆಡಿದ. ಅವನ ನಿಯಮ ಪೂರ್ತಿ ಏನಿತ್ತು ಅಂತ ನಾನು ಒಮ್ಮೆಯೂ ಕೇಳಲಿಲ್ಲ.

ಆವೃತ್ತಿ ಬದಲಿಸುವವರು ಪುಸ್ತಕ ನೋಡಿ ಬದಲಿಸುವುದಿಲ್ಲ, ಎದುರಿಗೆ ಕೂತವರ ಮುಖ ನೋಡಿ ಬದಲಿಸುತ್ತಾರೆ.

ಹೋದ ವರ್ಷ ಊರಿಗೆ ಹೋದಾಗ ಇಳಕಲ್ಲಿಗೆ ಹೋಗಿ ಆ ನೇಕಾರಜ್ಜನನ್ನು ಕಂಡೆ. ಕಣ್ಣಿನ ಆಪರೇಷನ್ ಆಗಿ ಈಗ ಸ್ವಲ್ಪ ಕಾಣುತ್ತದೆ. ಹಳೇ ಕಾನೂನಿನ ಪ್ರಕಾರ ಒಂದಾಟ ಆಡೋಣ ಅಜ್ಜಾರ ಅಂದೆ.

“ಯಾವ ಹಳೇದು? ನಿಮ್ಮಜ್ಜಂದೋ, ನಂದೋ?” ಅಂದರು. “ನಮ್ಮ ಕಡೆ ರಾಜಾ ಜಿಗದ್ರೂ ಕಾಯಿ ಹೊಡಿಯಂಗಿಲ್ಲ. ನಿಮ್ಮಜ್ಜ ಹೊಡಿಯೂದ ಅಂತಿದ್ದ. ದಿನಾ ಮೊದ್ಲ ಮಾತಾಡ್ಕೊಂಡ ಆಮ್ಯಾಗ ಆಡತಿದ್ವಿ.”

ಅವತ್ತು ನಾವೂ ಮೊದಲು ಮಾತಾಡಿಕೊಂಡೆವು. ಆಮೇಲೆ ಕಾಯಿ ಹೂಡಿದೆವು.